ಮೂವತ್ತು ಹೆಜ್ಜೆ

ನನ್ನ ಹೊಲವನ್ನು ನಾನೇ ಕಾಲಾರೆ ಸುತ್ತಿ ತಮ್ಮನ ಹೆಸರಿಗೆ ಮಾಡಿಕೊಟ್ಟೆ. ಯಾರೂ ನನ್ನ ಕೈ ಹಿಡಿದು ಎಳೆಯಲಿಲ್ಲ, ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು ನಗುನಗುತ್ತಾ ಸುತ್ತಿದೆ. ನೆನೆಸಿಕೊಂಡಾಗಲೆಲ್ಲ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯುವುದಿಲ್ಲ. ಹಾಗಾಗಿ ಎದುರಿಗೆ ಸಿಕ್ಕವರ ಮೇಲೆ ಮಾಡಿಕೊಳ್ಳುತ್ತೇನೆ.

ನಮ್ಮದು ಐದು ಜನರ ಮನೆ. ಅಪ್ಪ, ತಮ್ಮ, ತಮ್ಮನ ಹೆಂಡತಿ, ಅವರ ಮಗಳು ಚಿಟ್ಟೆ, ಮತ್ತೆ ನಾನು. ಚಿಟ್ಟೆ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು. ಒಂದು ಕಡೆ ಕೂರುವವಳಲ್ಲ ಅಂತ ನಾನೇ ಇಟ್ಟದ್ದು. ಈಗ ಕಾಲೇಜಿಗೆ ಹೋಗುತ್ತಾಳೆ, ಆದರೂ ಕೂರುವುದಿಲ್ಲ. ತಮ್ಮನ ಹೆಂಡತಿ ತರಕಾರಿ ತೊಳೆದು ಪ್ಯಾಕ್ ಮಾಡುವ ಶೆಡ್ಡಿಗೆ ಬೆಳಿಗ್ಗೆ ಏಳಕ್ಕೇ ಹೋಗುತ್ತಾಳೆ. ಹಾಗಾಗಿ ಅಡುಗೆ, ಬಟ್ಟೆ, ಅಪ್ಪನ ಮಾತ್ರೆ ಎಲ್ಲ ನನ್ನ ತಲೆಗೆ.

ನನಗೀಗ ನಲವತ್ತೇಳು. ಅಮ್ಮ ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದಳು, ನಾನು ಹಾಸಿಗೆಯ ಪಕ್ಕದಲ್ಲಿದ್ದೆ. ಅವಳು ಹೋಗುವ ಹೊತ್ತಿಗೆ ನನ್ನ ಮದುವೆಯ ಮಾತು ಎತ್ತುವವರೂ ಉಳಿದಿರಲಿಲ್ಲ. ಆ ವರ್ಷ ಅಪ್ಪ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದ. ಕೆಳಗಿನ ತಾಕು ತೋರಿಸಿ, "ಇದು ನಿಂದು. ನಿನಗೆ ಇಷ್ಟ ಬಂದಿದ್ದು ಬೆಳ್ಕೋ" ಅಂದ. ಅಷ್ಟೇ. ಕಾಗದ ಇಲ್ಲ, ಸಾಕ್ಷಿ ಇಲ್ಲ. ಹೆತ್ತ ಅಪ್ಪನ ಹತ್ತಿರ ಕಾಗದ ಕೇಳುವುದುಂಟೇ? ಹದಿಮೂರು ವರ್ಷದಿಂದ ಅಲ್ಲಿ ಈರುಳ್ಳಿ ಬೆಳೆಯುತ್ತಿದ್ದೇನೆ. ಮೇಲಿನ ತಾಕು ತಮ್ಮನದು.

ಎರಡು ತಾಕಿನ ನಡುವೆ ಒಂದು ಬದು ಇತ್ತು, ಕಾಲುವೆಯ ತೂಬಿನಿಂದ ಹಿಡಿದು ಆ ಕಡೆಯ ಕರೆಂಟ್ ಕಂಬದವರೆಗೆ. ಆರು ವರ್ಷದ ಹಿಂದೆ ಅಪ್ಪನೇ, "ಅಕ್ಕ ತಮ್ಮನ ಮಧ್ಯೆ ಬದು ಯಾಕೆ? ಅಗೆದು ಹಾಕು. ನೀರು ಸಲೀಸಾಗಿ ಇಳಿಯುತ್ತೆ, ನಿಂಗೂ ಎರಡು ಸಾಲು ಈರುಳ್ಳಿ ಜಾಸ್ತಿ ಬರುತ್ತೆ" ಅಂದ. ಮೂರು ದಿನ ಗುದ್ದಲಿ ಹಿಡಿದು ನಾನೇ ಅಗೆದೆ. ತಮ್ಮ ಆಗ ಬಂದು, "ಅಕ್ಕನ ರಟ್ಟೆ ನೋಡಪ್ಪಾ" ಅಂತ ತಮಾಷೆ ಮಾಡಿದ್ದ. ಎರಡು ಸಾಲಿನ ಆಸೆಗೆ ನಾನು ಅಗೆದದ್ದು ಏನನ್ನು ಅಂತ ಆಗ ಹೊಳೆಯಲಿಲ್ಲ.

ಈ ವರ್ಷ ಕಾಲುವೆ ಆಫೀಸಿನವರು ಮೈಕಿನಲ್ಲಿ ಕೂಗಿಸಿದರು. ಇನ್ನು ಮುಂದೆ ನೀರು ಕೊಡುವುದು ನಕ್ಷೆಯ ಪ್ರಕಾರ. ಸಾಗುವಳಿ ಮಾಡುವವರು ಫೋನಿನಲ್ಲಿ ಆಪ್ ಹಾಕಿಕೊಂಡು, ಜಿಪಿಎಸ್ ಆನ್ ಮಾಡಿ, ಹೊಲದ ಅಂಚಿನಲ್ಲಿ ಒಂದು ಸುತ್ತು ನಡೆಯಬೇಕು. ನಡೆದ ಗೆರೆ ಉಪಗ್ರಹದ ಚಿತ್ರದ ಮೇಲೆ ಮೂಡುತ್ತದೆ, ಎಷ್ಟು ಎಕರೆ ಅಂತ ಅದೇ ಹೇಳುತ್ತದೆ, ಆ ಹೆಸರಿಗೆ ನೀರಿನ ಸರದಿ. ನಕ್ಷೆಯಲ್ಲಿ ಹೆಸರಿಲ್ಲದವರಿಗೆ ಹನಿ ನೀರಿಲ್ಲ.

ಮುಂಚೆಯೆಲ್ಲ ಸುತ್ತಮುತ್ತ ಯಾರ ಹೊಲ ಅಳೆಯಬೇಕಾದರೂ ನಮ್ಮಪ್ಪನನ್ನು ಕರೆಯುತ್ತಿದ್ದರು. ಅಪ್ಪ ಹೆಜ್ಜೆ ಹಾಕಿ ಹೇಳಿದರೆ ಆಯಿತು, ಆಮೇಲೆ ಟೇಪು ಹಿಡಿದು ನೋಡಿದರೂ ಒಂದು ಮೊಳ ಆಚೆ ಈಚೆ ಆಗುತ್ತಿರಲಿಲ್ಲ. ಚಿಟ್ಟೆ ಫೋನು ತೋರಿಸಿ ಆಪ್ ವಿವರಿಸಿದಾಗ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದಕ್ಕೆ ಕಾಲೇ ಇಲ್ವಲ್ಲೇ" ಅಂದ. ಎಲ್ಲರೂ ನಕ್ಕೆವು.

ಆ ಶನಿವಾರ ತಮ್ಮ ಮರದ ನೆರಳಲ್ಲಿ ಕೂತ. "ಅಕ್ಕ, ಚಿಟ್ಟೆ ಜೊತೆ ನೀನೂ ಹೋಗು. ಕೆಳಗಿನ ಮೂಲೆ ಅವಳಿಗೆ ಗೊತ್ತಾಗಲ್ಲ" ಅಂದ.

ಚಿಟ್ಟೆ ಕೇಳಿದಳು. "ಅತ್ತೇದು ಬೇರೆ ಸುತ್ತಬೇಕೇನಪ್ಪಾ?"

"ಮೊದ್ಲು ದೊಡ್ಡ ಸುತ್ತು ಆಗ್ಲಿ. ಆಮೇಲೆ ನೋಡಿದ್ರಾಯ್ತು."

ಅರ್ಧ ದಾರಿಯಲ್ಲಿ ಚಿಟ್ಟೆಯ ಚಪ್ಪಲಿ ಕಿತ್ತುಹೋಯಿತು. ಫೋನು ನನ್ನ ಕೈಗೆ ಕೊಟ್ಟಳು. ನನ್ನ ತಾಕಿನ ಮೂರು ಅಂಚನ್ನೂ ನಾನೇ ನಡೆದೆ. ಮೂಲೆ ಬಿಟ್ಟುಹೋಗಬಾರದು ಅಂತ ಮುಳ್ಳಿನೊಳಗೂ ನುಗ್ಗಿದೆ, ಸೀರೆ ಹರಿದುಕೊಂಡೆ. ಮರದ ಹತ್ತಿರ ಬಂದಾಗ ಫೋನು ಟಿಣ್ ಅಂದಿತು. 3.18 ಎಕರೆ. ಚಿತ್ರ ದೊಡ್ಡದು ಮಾಡಿ ನೋಡಿದರೆ ನಮ್ಮ ಮನೆ, ಹಿತ್ತಲು, ಎಲ್ಲ ಕಾಣಿಸಿತು. ಊಟದ ಹೊತ್ತಿಗೆ ತಮ್ಮನ ಹೆಂಡತಿ ಅದನ್ನು ನೋಡಿ ಕಿರುಚಿಕೊಂಡಳು. "ಅಯ್ಯೋ, ನನ್ನ ನೀಲಿ ಡ್ರಮ್ಮು! ಎರಡು ವರ್ಷದ ಹಿಂದೆ ಕಳುವಾಯ್ತಲ್ಲ, ಅದೇ ಡ್ರಮ್ಮು! ಯಾವಾಗ ತೆಗೆದ ಫೋಟೋನೇ ಇದು?" ಮುಗಿಲಿನಾಚೆಯಿಂದ ಕಳುವಾದ ಡ್ರಮ್ಮು ಕಾಣುತ್ತದೆ, ಹದಿಮೂರು ವರ್ಷ ಬಗ್ಗಿ ಕಳೆ ಕಿತ್ತ ನಾನು ಕಾಣುವುದಿಲ್ಲ. ಇದು ನನಗೆ ಗೊತ್ತಾದದ್ದು ಹನ್ನೆರಡು ದಿನ ಬಿಟ್ಟು.

ಅವತ್ತು ಎಲ್ಲರೂ ಊಟಕ್ಕೆ ಕೂತಿದ್ದೆವು. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಮನೆಗೆ ಇರುವುದು ಒಂದೇ ಒಳ್ಳೆಯ ಫೋನು, ಅದಕ್ಕೆ ಮೆಸೇಜು ಬಂತು. ಚಿಟ್ಟೆ ಬಾಯಿತುಂಬ ತುತ್ತು ಇಟ್ಟುಕೊಂಡೇ ಓದಿದಳು. "ನಿಮ್ಮ ಹಿಡುವಳಿ ನೋಂದಣಿಯಾಗಿದೆ. ತಾಕು ಒಂದು. ವಿಸ್ತೀರ್ಣ 3.18. ಸಾಗುವಳಿದಾರ..." ಅಂತ ಅಪ್ಪನ ಹೆಸರು, ಅಂದರೆ ಅವಳಪ್ಪನ ಹೆಸರು, ಓದಿ ನಿಲ್ಲಿಸಿದಳು.

"ಮುಂದೆ ಓದು" ಅಂದೆ.

"ಮುಂದೆ ಇಲ್ಲ ಅತ್ತೆ. ಅಷ್ಟೇ."

"ನಂದು?"

ತಮ್ಮ ಬೇಳೆಗೆ ಉಪ್ಪು ಹಾಕಿಕೊಂಡ. ಉಪ್ಪು ಸರಿಯಾಗೇ ಇತ್ತು. "ಅದು ಹಂಗೇ ಅಕ್ಕ. ಅವರದು ಒಂದು ಸುತ್ತಿಗೆ ಒಂದೇ ಹೆಸರು. ನೀರು ಬಂದ್ರೆ ಸಾಕಲ್ವಾ? ನನ್ನ ನೀರು ನಿಂಗೆ ಬರಲ್ವಾ?"

"ನಿನ್ನ ನೀರು ಯಾಕೆ ಬರ್ಬೇಕು? ನನ್ನ ನೀರು ಬರ್ಲಿ."

"ನೋಡು, ಶುರುವಾಯ್ತು."

"ಆಮೇಲೆ ನೋಡಿದ್ರಾಯ್ತು ಅಂದಿದ್ದು ಯಾರು? ನನ್ನ ಕಾಲಲ್ಲೇ ನನ್ನ ಹೊಲ ಸುತ್ತಿಸಿ ನಿನ್ನ ಜೇಬಿಗೆ ಹಾಕ್ಕೊಂಡ್ಯಲ್ಲೋ!"

"ಅಪ್ಪಾ, ನೀನಾದ್ರೂ ಹೇಳು" ಅಂದ ತಮ್ಮ.

ಅಪ್ಪ ಟಿವಿ ನೋಡುತ್ತಿದ್ದ. "ಊಟ ಮಾಡುವಾಗ ಜಗಳ ಬೇಡ" ಅಂದ. ಇಷ್ಟು ವರ್ಷ ಆ ಮಾತನ್ನು ಅವನು ತಮ್ಮನಿಗೆ ಒಂದು ಸಲವೂ ಹೇಳಿದ್ದು ನಾನು ಕಂಡಿಲ್ಲ. ಅವತ್ತೂ ನನ್ನ ಕಡೆ ತಿರುಗಿಯೇ ಹೇಳಿದ. ನಾನು ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ಕುಕ್ಕಿದೆ.

ಮಾರನೇ ದಿನ ಕಾಲುವೆ ಆಫೀಸಿಗೆ ಹೋದೆ. ಪಂಪಿನ ಮನೆಯ ಹಿಂದೆ ಒಂದು ಕೋಣೆ, ಎರಡು ಕಂಪ್ಯೂಟರು, ಗೋಡೆಗೆ ಒರಗಿಸಿಟ್ಟ ಕೋಲುಗಳು. ಅಳತೆ ನೋಡಿಕೊಳ್ಳುವ ಸರ್ವೇಯರ್ ಇನ್ನೂ ಚಿಕ್ಕ ಹುಡುಗಿ, ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು. ನನ್ನ ಮುಖ ನೋಡಿ ಪಾಪ ಡಬ್ಬಿ ಮುಚ್ಚಿಟ್ಟು ಕೈ ತೊಳೆದುಕೊಂಡು ಬಂದಳು. ಒಳ್ಳೆಯ ಹುಡುಗಿ. ಒಳ್ಳೆಯವರ ಮೇಲೆ ಕೂಗಾಡಲಿಕ್ಕೂ ಆಗುವುದಿಲ್ಲ, ಅದೊಂದು ಸಂಕಟ.

ಕಂಪ್ಯೂಟರಿನಲ್ಲಿ ನಮ್ಮ ಹೊಲ ತೆಗೆದಳು. "ನಿಮ್ಮ ತಾಕು ಯಾವುದಮ್ಮಾ? ತೋರ್ಸಿ."

ಬೆರಳಿಟ್ಟು ತೋರಿಸಿದೆ. "ಇಲ್ಲಿಂದ ಕೆಳಗೆ."

"ಇಲ್ಲಿಂದ ಅಂದ್ರೆ? ಗೆರೆ ಕಾಣಿಸ್ತಿಲ್ವಲ್ಲ."

"ಬದು ಇತ್ತು ಮೇಡಂ. ತೆಗೆದ್ವಿ."

"ಯಾಕೆ ತೆಗೆದ್ರಿ?"

ನಾನು ಏನು ಹೇಳಲಿ? ಎರಡು ಸಾಲು ಈರುಳ್ಳಿಗೆ ಅನ್ನಲೇ? ತಮ್ಮನ ಮೇಲೆ ನಂಬಿಕೆ ಅನ್ನಲೇ? ಆ ಪರದೆಯ ಮೇಲೆ ಹೊಲ ಒಂದೇ ಹಸಿರು ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ನನ್ನ ಕೆಲಸ ಅಷ್ಟು ಚೊಕ್ಕಟವಾಗಿತ್ತು, ಒಂದು ಕಲೆಯೂ ಉಳಿದಿರಲಿಲ್ಲ.

ಅವಳು ಬಿಡಿಸಿ ಹೇಳಿದಳು. ಚಿತ್ರದಲ್ಲಿ ಬದುವೋ ಬೇಲಿಯೋ ಕಂಡರೆ ಆಫೀಸಿನವರೇ ತಾಕು ಬೇರೆ ಮಾಡಬಹುದಿತ್ತು. ಕಾಣದಿದ್ದರೆ ಜಮೀನಿನ ಯಜಮಾನ, ಅಂದರೆ ನಮ್ಮಪ್ಪ, ಖುದ್ದಾಗಿ ಹೊಲಕ್ಕೆ ಬಂದು ನಡುವಿನ ಗೆರೆಯ ಮೇಲೆ ನಡೆದು ತೋರಿಸಬೇಕು. ಅವಳು ಯಂತ್ರ ತರುತ್ತಾಳೆ. ಈ ತಿಂಗಳು ಇಪ್ಪತ್ತೆಂಟರ ಸಂಜೆ ಐದರೊಳಗೆ. ಆಮೇಲೆ ನಕ್ಷೆಗೆ ಬೀಗ.

"ಈಗ ಹೋಗಿ ಹೊಸ ಬದು ಹಾಕಿದ್ರೆ?"

"ಮುಂದಿನ ಚಿತ್ರ ಯಾವಾಗ ಬರುತ್ತೋ ನಂಗೂ ಗೊತ್ತಿಲ್ಲಮ್ಮ. ನಿಮ್ಮ ತಂದೇನ ಕರ್ಕೊಂಡು ಬನ್ನಿ. ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸಕ್ಕೆ ನಮ್ಮಪ್ಪ ಮೂರು ವಾರ ಮಂಡಿ ಹಿಡಿದುಕೊಂಡು ಕೂತ.

ಮೊದಲ ದಿನ, "ನೋಡೋಣ" ಅಂದ. ಎರಡನೇ ದಿನ, "ಮಂಡಿ ನೋವು, ಅಷ್ಟು ದೂರ ಆಗಲ್ಲ" ಅಂದ. ಗಾಡಿ ಮಾಡಿಸುತ್ತೇನೆ ಅಂದೆ. ಗಾಡಿಯಲ್ಲಿ ಸೊಂಟ ಹಿಡಿಯುತ್ತದೆ ಅಂದ. ಕುರ್ಚಿಯಲ್ಲಿ ಹೊತ್ತುಕೊಂಡು ಹೋಗುತ್ತೇನೆ ಅಂದರೆ, "ನಂಗೇನು ಹಾರ ಹಾಕಿ ಮೆರವಣಿಗೆ ಮಾಡ್ತೀಯೇನೇ?" ಅಂತ ನಗಿಸಲಿಕ್ಕೆ ನೋಡಿದ. ನನಗೆ ನಗು ಬರಲಿಲ್ಲ.

"ಅಪ್ಪ, ಒಂದೇ ಮಾತು ಹೇಳು. ಆ ತಾಕು ನೀನು ನಂಗೆ ಕೊಟ್ಟಿದ್ದು ಹೌದೋ ಅಲ್ವೋ?"

"ಕೊಟ್ಟಿದ್ದೀನಿ, ಇಲ್ಲ ಅಂದ್ನಾ?"

"ಹಂಗಾದ್ರೆ ಬಂದು ಹೇಳು."

"ನಿಂಗೆ ಹೇಳಿದ್ದೀನಲ್ಲ. ಊರಿಗೆಲ್ಲ ಯಾಕೆ ಹೇಳ್ಬೇಕು?"

ಇಂಥವರ ಜೊತೆ ಏನು ಮಾತಾಡುವುದು! ಗೋಡೆಗೆ ಹೇಳಿದರೆ ಸುಣ್ಣವಾದರೂ ಉದುರುತ್ತದೆ.

ನಿಜವಾದ ಕಾರಣ ಎರಡನೇ ವಾರ ಹೊರಗೆ ಬಂತು. ಬಿತ್ತನೆ ಬೀಜದ ಕಂಪನಿಯೊಂದರ ಕಡೆಯವರು ಕಾರಿನಲ್ಲಿ ಬಂದು ಹಜಾರದಲ್ಲಿ ಕೂತರು, ನಾನೇ ಟೀ ಮಾಡಿ ಕೊಟ್ಟೆ. ಅವರಿಗೆ ಒಂದೇ ಹೆಸರಿನಲ್ಲಿ, ಒಂದೇ ತುಂಡು, ಕಡಿಮೆಯೆಂದರೆ ಎರಡೂವರೆ ಎಕರೆ ಬೇಕಂತೆ. ಏಳು ವರ್ಷದ ಕರಾರು. ಬೀಜ ಅವರದೇ, ಗೊಬ್ಬರ ಅವರದೇ, ಬೆಳೆ ಅವರೇ ಕೊಳ್ಳುತ್ತಾರೆ. ತಮ್ಮನ ತಾಕು ಮಾತ್ರ ಅಳೆದರೆ ಎರಡು ಎಕರೆ ಚಿಲ್ಲರೆ. ನಾನು ಲೋಟ ತೆಗೆದುಕೊಂಡು ಹೋಗುವಾಗ ಅವರು ನಕ್ಷೆಯ ಪ್ರಿಂಟು ಹಾಸಿಕೊಂಡು, "ಮೂರರ ಮೇಲಿದೆಯಲ್ಲ, ಭೇಷ್" ಅನ್ನುತ್ತಿದ್ದರು.

ಕಾರು ಹೋದ ಮೇಲೆ ಕೇಳಿದೆ. "ನನ್ನ ಈರುಳ್ಳಿ ಎಲ್ಲಿ ಬೆಳೀಲೋ? ತಾರಸಿ ಮೇಲಾ?"

"ಅಕ್ಕ, ಇಪ್ಪತ್ತು ವರ್ಷದಿಂದ ಒಂದು ವರ್ಷ ಬೆಲೆ ಬಂದ್ರೆ ಎರಡು ವರ್ಷ ಬೀದಿಗೆ ಸುರೀತಿದ್ದೀವಿ. ಇದು ಗ್ಯಾರಂಟಿ. ನಿಂಗೆ ಊಟಕ್ಕೆ ಬಟ್ಟೆಗೆ ನಾನು ಯಾವತ್ತಾದ್ರೂ ಕಮ್ಮಿ ಮಾಡಿದ್ದೀನಾ?"

"ನೀನು ನಂಗೆ ಊಟ ಹಾಕ್ತಿದ್ದೀಯಾ? ಅಡುಗೆ ಮಾಡೋಳು ನಾನು! ಈರುಳ್ಳಿ ನಂದು! ಏಯ್, ನೀನು ನನ್ನ ಕೈಯಡುಗೆ ಉಂಡು ನಂಗೇ ಊಟ ಹಾಕ್ತೀನಿ ಅಂತೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ?"

"ಕೂಗ್ಬೇಡ, ಪಕ್ಕದ ಮನೆಯೋರಿಗೆ ಕೇಳ್ಸುತ್ತೆ."

"ಕೇಳ್ಸಲಿ ಅಂತಲೇ ಕೂಗ್ತಿರೋದು!"

ಅವತ್ತೇ ನನ್ನ ಕೋಣೆಯ ಹೊರಗೆ ಜಗುಲಿಯ ಮೇಲೆ ಒಂದು ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡೆ. ಒಂದು ಪಾತ್ರೆ, ಒಂದು ಬಾಣಲೆ, ಎರಡು ತಟ್ಟೆ. ಎರಡು ಯಾಕೆ ತಂದೆನೋ ಗೊತ್ತಿಲ್ಲ, ಅಭ್ಯಾಸ. ಮನೆಯ ಅಡುಗೆ ಬಿಟ್ಟೆ, ಬಟ್ಟೆ ಒಗೆಯುವುದು ಬಿಟ್ಟೆ, ಹಿತ್ತಲು ಗುಡಿಸುವುದು ಬಿಟ್ಟೆ. ಮೂರೇ ದಿನಕ್ಕೆ ಮನೆ ಮನೆಯಂತಿರಲಿಲ್ಲ. ಬಚ್ಚಲಲ್ಲಿ ಬಟ್ಟೆಯ ಗುಡ್ಡೆ. ತಮ್ಮ ಒಂದು ದಿನ ಅನ್ನ ಮಾಡಲಿಕ್ಕೆ ಹೋಗಿ ತಳ ಹಿಡಿಸಿ, ಪಾತ್ರೆಯನ್ನು ಹಾಗೇ ಹಿತ್ತಲಲ್ಲಿ ಇಟ್ಟು ಬಂದ. ಅದನ್ನು ಉಜ್ಜಲಿಕ್ಕೆ ನನ್ನ ಕೈ ತುರಿಸುತ್ತಿತ್ತು. ತಡೆದುಕೊಂಡೆ.

ಇದರ ಹೊಡೆತ ಬಿದ್ದದ್ದು ತಮ್ಮನಿಗಲ್ಲ, ಅವನ ಹೆಂಡತಿಗೆ. ಅವಳು ಐದಕ್ಕೆ ಎದ್ದು ಅಡುಗೆ ಮಾಡಿಟ್ಟು ಶೆಡ್ಡಿಗೆ ಹೋಗುವಳು, ಸಂಜೆ ಬಂದು ಬಟ್ಟೆಗೆ ಕೂರುವಳು. ಒಂದು ಸಂಜೆ ನನ್ನ ಜಗುಲಿಗೆ ಬಂದು ಕೂತಳು.

"ಅಕ್ಕಾ, ನಂಗೆ ಬೈಯ್ಯೋದಿದ್ರೆ ಬೈದುಬಿಡಿ. ಈ ಮೌನ ನಂಗೆ ಆಗಲ್ಲ."

"ನಿಂಗ್ಯಾಕೆ ಬೈಲಿ? ನೀನೇನು ಮಾಡಿದ್ದೀಯ?"

"ಏನೂ ಮಾಡಿಲ್ಲ. ಆದ್ರೆ ಸುಳ್ಳು ಹೇಳಲ್ಲ, ಕಂಪನಿ ಬರ್ಲಿ ಅಂತ ನಂಗೂ ಆಸೆ ಇದೆ." ಎರಡೂ ಕೈ ಚಾಚಿದಳು. ಇಡೀ ದಿನ ತಣ್ಣೀರಲ್ಲಿ ಕ್ಯಾರೆಟ್ ತೊಳೆದು ಬೆರಳ ಸಂದಿಯೆಲ್ಲ ಬಿಳಿಚಿಕೊಂಡು ಒಡೆದಿತ್ತು. "ನೋಡಿ. ಹನ್ನೊಂದು ವರ್ಷ ಆಯ್ತು. ಬಿಟ್ಟುಬಿಡ್ಬೇಕು ಅನ್ಸುತ್ತೆ. ಅದಕ್ಕೆ ನಿಮ್ಮ ಹೊಲ ಹೋಗ್ಬೇಕು ಅಂದ್ರೆ ಸಂಕಟ ಆಗುತ್ತೆ. ಎರಡೂ ನಿಜ ಅಕ್ಕ, ನಾನೇನು ಮಾಡ್ಲಿ?"

ಅವಳ ಮೇಲೆ ಸಿಟ್ಟು ಬರಲಿ ಅಂತ ಎಷ್ಟು ಕಾದರೂ ಬರಲಿಲ್ಲ. ಕೊನೆಗೆ ಎದ್ದು ಹೋಗಿ ಆ ತಳ ಹಿಡಿದ ಪಾತ್ರೆ ತಂದು ಉಜ್ಜಿಕೊಟ್ಟೆ. ಒಳಗೆ ಗಂಡ ಹೆಂಡತಿ ಜಗಳವಾಡುವುದು ಗೋಡೆಯಾಚೆಯಿಂದ ದಿನಾ ಕೇಳಿಸುತ್ತಿತ್ತು. "ಅಕ್ಕನ್ನ ಕೇಳಿ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂತ ಅವಳು. "ಕೇಳಿದ್ರೆ ಒಪ್ತಿದ್ಲಾ?" ಅಂತ ಅವನು. ಒಪ್ಪುತ್ತಿರಲಿಲ್ಲ. ಅದು ಮಾತ್ರ ಸರಿಯಾಗಿ ಹೇಳಿದ.

ಅಪ್ಪನದು ಬೇರೆಯೇ ಕಥೆ. ಒಲೆ ಬೇರೆಯಾದ ಎರಡನೇ ದಿನವೇ ಮಧ್ಯಾಹ್ನ ಕುಂಟಿಕೊಂಡು ನನ್ನ ಜಗುಲಿಗೆ ಬಂದು ಆ ಎರಡನೇ ತಟ್ಟೆ ಎತ್ತಿಕೊಂಡು ಕೂತ. "ಅಲ್ಲಿ ಅನ್ನ ಗಟ್ಟಿ" ಅಂದ.

"ಮಗನ ಮನೆಯಲ್ಲಿ ಗಟ್ಟಿಯಾಗೇ ಇರುತ್ತೆ, ಉಣ್ಣು."

"ಬಡಿಸು ಮಗಳೇ. ಮಾತ್ರೆ ತಗೋಬೇಕು."

ಬಡಿಸಿದೆ. ಬಡಿಸದೆ ಏನು ಮಾಡಲಿ? ದಿನಾ ಬಂದ. ದಿನಾ ಬಡಿಸಿದೆ, ದಿನಾ ಕೇಳಿದೆ. ಅವನು ಮೊಟ್ಟೆ ಸುಲಿಯುತ್ತಾ, "ನೋಡೋಣ, ಇನ್ನೂ ದಿನ ಇದೆಯಲ್ಲ" ಅನ್ನುವನು. ಆ "ನೋಡೋಣ" ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು. ಸರ್ವೇಯರ್ ಹುಡುಗಿಗೆ ಮೂರು ಸಲ ದಿನ ಗೊತ್ತು ಮಾಡಿ ಮೂರು ಸಲವೂ ಬೇಡ ಅಂತ ಹೇಳಿ ಕಳಿಸಿದೆ. ಕೊನೆಯ ಸಲ ಅವಳೇ, "ಇಪ್ಪತ್ತೆಂಟಕ್ಕೆ ಮೂರೂವರೆಗೆ ಬರ್ತೀನಮ್ಮ, ಅದಕ್ಕಿಂತ ತಡ ಮಾಡಿದ್ರೆ ನಾನೂ ಏನೂ ಮಾಡಕ್ಕಾಗಲ್ಲ" ಅಂದಳು.

ಇಪ್ಪತ್ತೆಂಟು ಗುರುವಾರ ಬಿತ್ತು. ಬೆಳಿಗ್ಗೆ ಟೀ ಕುಡಿಯುತ್ತಾ ಅಪ್ಪ ತಾನಾಗಿಯೇ ಹೇಳಿದ. "ಇವತ್ತು ಬರ್ತೀನಿ. ನಡ್ಕೊಡ್ತೀನಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ನಿಜವಾಗ್ಲೂ?"

"ಇಬ್ಬರೂ ನನ್ನ ಮಕ್ಕಳೇ ಅಲ್ವೇನೇ."

ನನ್ನ ಹುಚ್ಚಿಗೆ ಏನು ಹೇಳಲಿ! ಮೂರು ವಾರದ ಸಿಟ್ಟು ಒಂದೇ ಮಾತಿಗೆ ಇಳಿದುಹೋಯಿತು. ಮಧ್ಯಾಹ್ನ ಎರಡು ಮೊಟ್ಟೆ ಬೇಯಿಸಿ ಬಡಿಸಿದೆ, ಒಗೆದ ಅಂಗಿ ತೆಗೆದುಕೊಟ್ಟೆ, ಮಂಡಿಗೆ ಎಣ್ಣೆ ತಿಕ್ಕಿದೆ. ಗಾಡಿಯವನನ್ನು ಕರೆದು ಅಪ್ಪನನ್ನು ಮುಂದೆ ಕೂರಿಸಿದೆ.

ಹೊಲದಲ್ಲಿ ತಮ್ಮನೂ ಇದ್ದ, ಚಿಟ್ಟೆಯೂ ಇದ್ದಳು. ತಮ್ಮ ಗಲಾಟೆ ಮಾಡುತ್ತಾನೆ ಅಂತ ನಾನು ಮೈಯೆಲ್ಲ ಬಿಗಿ ಹಿಡಿದುಕೊಂಡು ಹೋಗಿದ್ದೆ. ಅವನು ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಸರ್ವೇಯರ್ ಸ್ಕೂಟರಿನಲ್ಲಿ ಬಂದಳು. ತಲೆಯ ಮೇಲೆ ತಟ್ಟೆಯಂಥ ಯಂತ್ರ ಇದ್ದ ಒಂದು ಕೋಲನ್ನು ಅಪ್ಪನ ಕೈಗೆ ಕೊಟ್ಟು, "ಇದನ್ನ ನೆಟ್ಟಗೆ ಹಿಡ್ಕೊಂಡು ಗೆರೆ ಮೇಲೆ ನಡೀರಿ ಯಜಮಾನ್ರೇ. ಎಲ್ಲಿಂದ ಶುರು?" ಅಂದಳು.

ನಾನು ತೂಬಿನ ಹತ್ತಿರ ಹೋಗಿ ನಿಂತಿದ್ದೆ. ಹಳೆಯ ಬದು ಶುರುವಾಗುತ್ತಿದ್ದದ್ದು ಅಲ್ಲೇ. ಅಪ್ಪ ಕೋಲು ಹಿಡಿದುಕೊಂಡು ನನ್ನ ಕಡೆ ಬಂದ. ಬಂದು, ನನ್ನನ್ನು ದಾಟಿ ಕೆಳಗೆ ಹೋದ. ಕೆಸರು ಬಳಸಿಕೊಂಡು ಬರುತ್ತಾನೆ ಅಂದುಕೊಂಡೆ. ಹೋದ, ಹೋದ, ಹೋಗುತ್ತಲೇ ಇದ್ದ. ನಾನು ಅವನ ಮಗಳು, ಹೆಜ್ಜೆ ಎಣಿಸುವುದು ನನಗೂ ಬರುತ್ತದೆ. ಮೂವತ್ತಕ್ಕೆ ನಿಂತ. ಅಲ್ಲಿ ಈರುಳ್ಳಿ ಸಾಲಿನ ಅಂಚಿಗೆ ಒಂದು ಕಡ್ಡಿ ಚುಚ್ಚಿತ್ತು, ಅದಕ್ಕೆ ಪ್ಲಾಸ್ಟಿಕ್ ಚೂರು ಕಟ್ಟಿತ್ತು.

"ಇಲ್ಲಿಂದ" ಅಂದ.

ಓಡಿಹೋದೆ. "ಅಪ್ಪ, ಬದು ಇಲ್ಲಿರ್ಲಿಲ್ಲ. ತೂಬಿನ ಹತ್ರ ಇತ್ತು. ಮರೆತುಹೋಯ್ತಾ?"

"ಗೊತ್ತು" ಅಂದ ಅಪ್ಪ.

ಅಷ್ಟು ಹೇಳಿ ನಡೆಯಲಿಕ್ಕೆ ಶುರು ಮಾಡಿದ. ಮಂಡಿ ನೋವು ಸುಳ್ಳಲ್ಲ, ಕುಂಟುತ್ತಲೇ ಇದ್ದ. ಆದರೆ ಹೊಲದ ಆ ತುದಿಯವರೆಗೆ ಒಂದು ಗೇಣೂ ಸೊಟ್ಟ ಹೋಗಲಿಲ್ಲ. ನನ್ನ ಈರುಳ್ಳಿಯ ನಡುವೆ ನನ್ನ ಅಪ್ಪ ಗೆರೆ ಎಳೆದುಕೊಂಡು ಹೋದ.

ನಾನು ಚಿಟ್ಟೆಯ ಕಡೆ ತಿರುಗಿದೆ. ಅವಳು ಆಗಲೇ ಅಳುತ್ತಿದ್ದಳು. "ಭಾನುವಾರ ತಾತ ಕರ್ಕೊಂಡು ಬಂದಿದ್ರು ಅತ್ತೆ. ನಾನು ಫೋನು ನೋಡ್ತಿದ್ದೆ, ಅವರು ಒಂದೊಂದೇ ಹೆಜ್ಜೆ ಕೆಳಗೆ ಬರ್ತಿದ್ರು. ಅಪ್ಪಂದು ಎರಡೂವರೆ ಆದ ತಕ್ಷಣ ಹೇಳು ಅಂದಿದ್ರು. ನಿಂಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು."

ಭಾನುವಾರ. ಭಾನುವಾರ ಮಧ್ಯಾಹ್ನ ಜಗುಲಿಯಲ್ಲಿ ಕೂತು, ಕಾಲು ನೀಡಿ, "ಎದ್ದು ನಿಲ್ಲಕ್ಕಾಗ್ತಿಲ್ಲ ಮಗಳೇ" ಅಂದಿದ್ದನಲ್ಲ ಇವನು!

ಸರ್ವೇಯರ್ ಕೈಯಲ್ಲಿದ್ದ ಪರದೆ ನೋಡಿ ಹೇಳಿದಳು. "ಮೇಲಿನದು 2.51. ಕೆಳಗಿನದು 0.67." ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಇಬ್ಬರೂ ಒಪ್ಪಿ ಸಹಿ ಹಾಕಿದ್ರೆ ಮಾತ್ರ ಇದು ನಿಲ್ಲುತ್ತಮ್ಮ. ನೀವು ಒಪ್ಪಿಲ್ಲ ಅಂದ್ರೆ ಹಳೇದೇ ಉಳಿಯುತ್ತೆ" ಅಂದಳು. ಹಳೆಯದು ಅಂದರೆ ಎಲ್ಲವೂ ತಮ್ಮನದು. ಗಂಟೆ ನಾಲ್ಕೂ ಇಪ್ಪತ್ತು.

ನನ್ನದು ಒಂದು ಎಕರೆ ಇತ್ತು. ಅದರಲ್ಲಿ ಮೂರನೇ ಒಂದು ಪಾಲು ಹೋಯಿತು, ಅದೂ ತೂಬಿನ ಪಕ್ಕದ, ಮೊದಲು ನೀರು ಕುಡಿಯುವ ಒಳ್ಳೆಯ ಮಣ್ಣು.

"ಅವನಿಗೂ ಆಗ್ಬೇಕು, ನಿಂಗೂ ಆಗ್ಬೇಕು" ಅಂದ ಅಪ್ಪ, ಕೋಲಿಗೆ ಒರಗಿಕೊಂಡು. "ನಾನು ಇಬ್ಬರನ್ನೂ ನೋಡ್ಬೇಕಲ್ಲ."

"ನೋಡಿದ್ದೀಯಪ್ಪ. ಅವನಿಗೆ ಎಷ್ಟು ಬೇಕೋ ಅಳೆದು ಕೊಟ್ಟೆ. ಮಿಕ್ಕಿದ್ದು ನಂಗೆ. ನಂಗೆ ಎಷ್ಟು ಬೇಕು ಅಂತ ಒಂದು ಸಲ ಕೇಳಿದ್ಯಾ? ಇಷ್ಟು ದಿನ ನನ್ನ ತಟ್ಟೇಲಿ ಉಂಡೆಯಲ್ಲ, ಒಂದು ಸಲ?"

"ಏನೂ ಇಲ್ದೇ ಇರೋದಕ್ಕಿಂತ..."

"ಆ ಮಾತು ಆಡ್ಬೇಡ! ಏನೂ ಇಲ್ದೇ ಇರೋಳಾಗಿ ನನ್ನ ಮಾಡಿದ್ದು ನೀವೇ!"

ತಮ್ಮ ಬಾಯಿ ತೆಗೆದ. "ಅಕ್ಕ, ಕಾನೂನು ಪ್ರಕಾರ ನೋಡಿದ್ರೆ ನಾನು ಒಪ್ಪಲೇಬೇಕು ಅಂತಿರ್ಲಿಲ್ಲ..."

"ಮುಚ್ಚೋ ಬಾಯಿ" ಅಂದೆ. ಮುಚ್ಚಿದ.

ಸರ್ವೇಯರ್ ಪರದೆ ಚಾಚಿದಳು. ಬೆರಳಲ್ಲಿ ಸಹಿ ಹಾಕಬೇಕು. ತಮ್ಮ ಹಾಕಿದ. ನಾನೂ ಹಾಕಿದೆ. ಅಕ್ಷರ ಸೊಟ್ಟಪಟ್ಟ ಬಂತು. ಒಂದು ಕ್ಷಣ ಬಿಟ್ಟು ಹಸಿರು ಚಿತ್ರದ ಮೇಲೆ ಹಳದಿ ಗೆರೆ ಮೂಡಿತು, ಗೆರೆಯ ಕೆಳಗೆ ನನ್ನ ಹೆಸರು. ನಲವತ್ತೇಳು ವರ್ಷದಲ್ಲಿ ನನ್ನ ಹೆಸರು ನೆಲದ ಪಕ್ಕದಲ್ಲಿ ಬರೆದದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಎದೆ ಉಬ್ಬುವಷ್ಟು ಖುಷಿಯಾಯಿತು. ಆ ಖುಷಿಗೇ ನನಗೆ ಮೈಯೆಲ್ಲ ಉರಿದುಹೋಯಿತು.

ಸ್ಕೂಟರು ಹೋದ ಮೇಲೆ ತಮ್ಮ ನೆಲ ನೋಡುತ್ತಾ ಹೇಳಿದ. "ಸೋಮವಾರ ಕಂಪನಿಯೋರು ಟ್ರ್ಯಾಕ್ಟರ್ ತರ್ತಾರೆ. ನಿನ್ನ ಈರುಳ್ಳಿ ಬಲಿಯಕ್ಕೆ ಇನ್ನೊಂದು ತಿಂಗಳು ಬೇಕೇನೋ. ಬೇಕಾದ್ರೆ ಅವರನ್ನ ಕೇಳಿ ನೋಡ್ತೀನಿ."

"ಬೇಡ" ಅಂದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದೆ. ಸೋಮವಾರದವರೆಗೆ ದಿನ ಇತ್ತು, ಆ ಮೂವತ್ತು ಹೆಜ್ಜೆಯಲ್ಲಿ ಕಡ್ಡಿಯ ಪಕ್ಕದ ಸಾಲಿನಿಂದ ಕೀಳತೊಡಗಿದೆ. ನಿಂಬೆಹಣ್ಣಿನಷ್ಟೂ ಆಗಿರಲಿಲ್ಲ ಗೆಡ್ಡೆ, ಯಾವ ಅಂಗಡಿಯವನೂ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳದಿದ್ದರೆ ಬೇಡ. ಒಂದು ಗೆಡ್ಡೆಯನ್ನೂ ಬಿಡುವುದಿಲ್ಲ ಅಂದುಕೊಂಡು ಕಿತ್ತೆ. ತಮ್ಮ ಗಾಡಿಯ ಕಡೆ ಹೋದ. ಚಿಟ್ಟೆ ನನ್ನ ಪಕ್ಕದ ಸಾಲಿಗೆ ಬಂದು ಬಗ್ಗಿದಳು. ಅವಳನ್ನು ಬೇಡ ಅನ್ನಲಿಲ್ಲ.

ಹೊತ್ತು ಮುಳುಗುವಾಗ ಕಡ್ಡಿಯ ಪಕ್ಕದ ಮೂರು ಸಾಲು ಮುಗಿಸಿದ್ದೆವು. ಅಪ್ಪ ಇನ್ನೂ ಅಲ್ಲೇ ಇದ್ದ. ಕಷ್ಟಪಟ್ಟು ಮಂಡಿ ಮಡಿಸಿ ಬಗ್ಗಿ, ಒಂದು ಗೆಡ್ಡೆಗೆ ಕೈ ಹಾಕಿದ.

"ಮುಟ್ಟಬೇಡ" ಅಂದೆ. "ನೀನು ನಿಂತಿರೋದು ಅವನ ಜಾಗ. ಈರುಳ್ಳಿ ನಂದು."

ಅಪ್ಪ ನೆಟ್ಟಗಾದ. ಒಂದು ಹೆಜ್ಜೆ ಕೆಳಗೆ ಹೋದ, ಕಡ್ಡಿ ದಾಟಿ.

"ಇದು ನಂದು" ಅಂದೆ. "ನನ್ನ ಕೇಳದೆ ಕಾಲಿಡ್ಬೇಡ."

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ನೆಲ ನೋಡಿದ. ಅಲ್ಲಿ ಗೆರೆಯೂ ಇರಲಿಲ್ಲ, ಬದುವೂ ಇರಲಿಲ್ಲ, ಅವನೇ ಚುಚ್ಚಿದ ಆ ಒಂದು ಕಡ್ಡಿ ಬಿಟ್ಟರೆ ಮಣ್ಣೆಲ್ಲ ಒಂದೇ ಥರ ಇತ್ತು.

"ಮತ್ತೆ ನಾನು ಎಲ್ಲಿ ನಿಲ್ಲಲಿ ಮಗಳೇ?" ಅಂದ.

ಸಾಲು ಇನ್ನೂ ಉಳಿದಿತ್ತು, ಕೀಳುತ್ತಾ ಹೋದೆ.